ಚೊಂಬು ಇಲ್ಲದ ಊರಿನಲ್ಲಿ: ಹೊರದೇಶದ ಟಾಯ್ಲೆಟ್ ಬಳಸುವುದು ಹೇಗೆ?

ಅಮ್ಮ ಮೊದಲ ಸಲ ಜರ್ಮನಿಗೆ ಬಂದಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳದ ಜೊತೆ ಟವೆಲ್ಲಿನಲ್ಲಿ ಸುತ್ತಿದ ಒಂದು ಸ್ಟೀಲ್ ಚೊಂಬು ಇತ್ತು. "ಇದ್ಯಾಕಮ್ಮಾ?" ಅಂದೆ. "ಅಲ್ಲೆಲ್ಲಾ ಪೇಪರ್ ಅಂತೆ ಕಣೋ. ನನ್ನ ಕೈಲಿ ಆಗಲ್ಲಪ್ಪ" ಅಂದರು. ಕಾಗದದ ಚೂರು ಕಾಲಿಗೆ ತಾಗಿದರೂ ಎತ್ತಿ ಕಣ್ಣಿಗೊತ್ತಿಕೊಳ್ಳುವವರು ಅವರು. ಸರಸ್ವತಿಯನ್ನು ಆ ಕೆಲಸಕ್ಕೆ ಬಳಸೋದು ಹೇಗೆ?

ಈ ಕಸಿವಿಸಿ ನಮ್ಮೊಬ್ಬರದ್ದೇ ಅಲ್ಲ. 6ನೇ ಶತಮಾನದ ಚೀನಾದಲ್ಲಿ ಯಾನ್ ಝಿಟುಯಿ ಎಂಬ ವಿದ್ವಾಂಸ, ಶಾಸ್ತ್ರದ ಸಾಲುಗಳೋ ಜ್ಞಾನಿಗಳ ಹೆಸರೋ ಇರುವ ಕಾಗದವನ್ನು ಶೌಚಕ್ಕೆ ಬಳಸುವ ಧೈರ್ಯ ನನಗಿಲ್ಲ ಎಂದು ಬರೆದಿಟ್ಟಿದ್ದಾನೆ. ಅಂದರೆ ಉಳಿದ ಕಾಗದಕ್ಕೆ ಆತನ ತಕರಾರಿರಲಿಲ್ಲ! ಮುಂದೆ 851ರ ಒಂದು ಅರಬ್ ಪ್ರವಾಸ ಬರಹದಲ್ಲಿ, ಚೀನೀಯರು ನೀರಿನಿಂದ ತೊಳೆಯುವುದಿಲ್ಲ, ಕಾಗದದಿಂದ ಒರೆಸಿಕೊಳ್ಳುತ್ತಾರೆ ಎಂಬ ದೂರು ಇದೆ. ಹನ್ನೊಂದು ಶತಮಾನ ದಾಟಿದರೂ ಜಗಳ ಅಲ್ಲೇ ನಿಂತಿದೆ.

ಅಮ್ಮನ ನಂತರ ಗೆಳೆಯರ ಅಪ್ಪ ಅಮ್ಮಂದಿರು ಬಂದರು. ಪ್ರತಿ ಸಲವೂ ಯಾರಾದರೂ ನನ್ನನ್ನು ಪಕ್ಕಕ್ಕೆ ಕರೆದು ಪಿಸುದನಿಯಲ್ಲಿ ಇದನ್ನೇ ಕೇಳುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಮೊದಲೇ ಒಂದು ಮಾತು. ಪೇಪರ್ ಬಳಸುವವರು ಗಲೀಜು ಎಂದು ನಾವು ಅಂದುಕೊಳ್ಳುತ್ತೇವೆ. ನಾವು ಬಿಟ್ಟುಬರುವ ಒದ್ದೆ ನೆಲ, ಒದ್ದೆ ಸೀಟು ನೋಡಿ ಅವರೂ ನಮ್ಮ ಬಗ್ಗೆ ಅದನ್ನೇ ಅಂದುಕೊಳ್ಳುತ್ತಾರೆ. ನೀರು ಬಿಡಬೇಕಾಗಿಲ್ಲ. ಒದ್ದೆ ಮಾಡದೆ ಬಳಸೋದು ಕಲಿತರೆ ಸಾಕು.

ಹಂತ 1: ಮನೆಯಲ್ಲೇ ತಯಾರಿ

ಚೊಂಬು ಬೇಡ. ಅದರ ಬಾಯಿ ಅಗಲ. ಕಮೋಡ್ ಮೇಲೆ ಕೂತು ಬಗ್ಗಿಸಿದರೆ ಅರ್ಧ ನೀರು ನೆಲಕ್ಕೇ. ನಿಮಗೆ ಬೇಕಾಗಿರುವುದು ಹಿಸುಕಿದರೆ ಸಣ್ಣ ಧಾರೆ ಬರುವ ಬಾಟಲಿ. ಪ್ರವಾಸಕ್ಕೆಂದೇ ಮಾಡಿದ, ಬಾಗಿದ ಮೂತಿಯ ಬಾಟಲಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ದುಡ್ಡು ಯಾಕೆ ಅನ್ನುವವರು ಅರ್ಧ ಲೀಟರಿನ ತೆಳು ನೀರಿನ ಬಾಟಲಿ ತೆಗೆದುಕೊಳ್ಳಿ. ಸೂಜಿಯನ್ನು ಬಿಸಿ ಮಾಡಿ ಮುಚ್ಚಳಕ್ಕೆ ನಾಲ್ಕೈದು ತೂತು ಹಾಕಿ. ಕೆಲಸ ಆಯಿತು. ನಾನು ವರ್ಷಗಟ್ಟಲೆ ಇದನ್ನೇ ಬಳಸಿದ್ದೇನೆ.

ಹೊರಡುವ ಮುಂಚೆ ಒಂದು ವಾರ ಮನೆಯ ಕಮೋಡಿನಲ್ಲೇ ಅಭ್ಯಾಸ ಮಾಡಿ. ಜೆಟ್ ಸ್ಪ್ರೇ ಮುಟ್ಟಬೇಡಿ. ನೆಲ ಒದ್ದೆಯಾಗದೆ ಮುಗಿಸಿದ ದಿನ ಪಾಸಾದಿರಿ ಅಂತ ಲೆಕ್ಕ. ನಗಬೇಡಿ, ಅರುವತ್ತು ವರ್ಷ ಒಂದೇ ಥರ ಮಾಡಿದವರಿಗೆ ಇದು ನಿಜವಾಗಿಯೂ ಹೊಸ ವಿದ್ಯೆ.

ಕೈಚೀಲದಲ್ಲಿ ಖಾಲಿ ಬಾಟಲಿ ಇದ್ದರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೊಂದರೆಯಿಲ್ಲ. ನೀರು ತುಂಬಿದ್ದರೆ ಬಿಸಾಡಿಸುತ್ತಾರೆ. ಸ್ಯಾನಿಟೈಸರ್ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯಲ್ಲಿ ಬೇಡ. ಎರಡು ಟಿಶ್ಯೂ ಪ್ಯಾಕೆಟ್, ಒಂದು ಕರವಸ್ತ್ರ, ಹೋಗುವ ದೇಶದ ಸ್ವಲ್ಪ ಚಿಲ್ಲರೆ ಇರಲಿ.

ಹಂತ 2: ವಿಮಾನದಲ್ಲಿ

ಬೆಂಗಳೂರಿನಿಂದ ಯುರೋಪಿಗೆ ಹತ್ತು ಗಂಟೆ. ತಡೆದುಕೊಂಡು ಕೂರುವ ಯೋಚನೆ ಬಿಡಿ. ಊಟದ ಗಾಡಿ ಹೊರಡುವ ಮುಂಚೆ ಹೋಗಿ ಬನ್ನಿ, ಆಮೇಲೆ ಸಾಲು ಬೆಳೆಯುತ್ತದೆ. ಇಳಿಯುವ ಸಮಯ ಬಂದರೆ ಎದ್ದು ಹೋಗಲು ಬಿಡುವುದಿಲ್ಲ.

ಚಪ್ಪಲಿಯೋ ಬೂಟೋ ಹಾಕಿಕೊಂಡೇ ಹೋಗಿ. ಬರೀ ಸಾಕ್ಸಿನಲ್ಲಿ ಹೋಗುವವರನ್ನು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ. ಅಲ್ಲಿನ ನೆಲದ ಮೇಲಿರುವುದು ಬರೀ ನೀರಲ್ಲ. ಎಷ್ಟೋ ವಿಮಾನಗಳಲ್ಲಿ ಬಾಗಿಲ ಚಿಲಕ ಹಾಕಿದ ಮೇಲೇ ಪೂರ್ತಿ ಬೆಳಕು ಬರುತ್ತದೆ. ಕತ್ತಲೆ ಅಂತ ವಾಪಸ್ ಬರಬೇಡಿ. ಸಿಂಕಿನಲ್ಲಿ ಬಾಟಲಿ ತುಂಬಿಸಿಕೊಳ್ಳಿ. ಬಾಟಲಿ ಮರೆತಿದ್ದರೆ ಪರಿಚಾರಕಿಯ ಹತ್ತಿರ ಒಂದು ಪೇಪರ್ ಕಪ್ ಕೇಳಿ, ಯಾಕೆ ಅಂತ ಕೇಳುವುದಿಲ್ಲ. ಆ ನಲ್ಲಿ ನೀರು ಕುಡಿಯಬೇಡಿ, ತೊಳೆಯಲು ಮಾತ್ರ.

ವಿಮಾನದ ಫ್ಲಶ್ ನೀರಿನಿಂದಲ್ಲ, ಗಾಳಿಯ ಎಳೆತದಿಂದ ಕೆಲಸ ಮಾಡುತ್ತದೆ. "ಫಟ್" ಅಂತ ಸದ್ದು ಬರುತ್ತದೆ. ಮುಚ್ಚಳ ಹಾಕಿ ಒತ್ತಿದರೆ ಎದೆ ಹಾರುವುದು ಕಡಿಮೆ. ಮುಗಿದ ಮೇಲೆ ಸೀಟು, ಸಿಂಕು ಎರಡನ್ನೂ ಟಿಶ್ಯೂನಿಂದ ಒರೆಸಿ.

ಹಂತ 3: ಹುಡುಕುವುದು, ಮತ್ತು ಸರಿಯಾದ ಬಾಗಿಲು

ಕೇಳುವಾಗ ಯಾವ ಪದ ಬಳಸಬೇಕು? ಅಮೆರಿಕದಲ್ಲಿ "ರೆಸ್ಟ್‌ರೂಮ್", ಕೆನಡಾದಲ್ಲಿ "ವಾಷ್‌ರೂಮ್", ಫಿಲಿಪೈನ್ಸ್‌ನಲ್ಲಿ "ಸಿ.ಆರ್." (ಕಂಫರ್ಟ್ ರೂಮ್), ಬ್ರಿಟನ್ನಿನಲ್ಲಿ "ಟಾಯ್ಲೆಟ್" ಅಥವಾ "ಲೂ". ಯುರೋಪಿನ ಬಹುತೇಕ ಕಡೆ "ಡಬ್ಲ್ಯೂಸಿ" ಎಂಬ ಬೋರ್ಡು ಕಾಣುತ್ತದೆ. ನಮ್ಮ "ಕಕ್ಕಸು" ಕೂಡ ಡಚ್ಚರಿಂದ ಬಂದ ಮಾತು ಅನ್ನುತ್ತಾರೆ. ಹಾಗಂತ ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರಯೋಗ ಮಾಡಬೇಡಿ, ಅಲ್ಲಿ ಅದು ಒರಟು ಮಾತು.

ಬಾಗಿಲು ತಪ್ಪುವುದು ಇದಕ್ಕಿಂತ ಮುಜುಗರ. ಪೋಲೆಂಡಿನಲ್ಲಿ ಬಾಗಿಲ ಮೇಲೆ ಬರೀ ಆಕಾರ ಇರುತ್ತದೆ. ವೃತ್ತ ಹೆಂಗಸರಿಗೆ, ತ್ರಿಕೋನ ಗಂಡಸರಿಗೆ. ಜರ್ಮನಿಯಲ್ಲಿ "ಹೆರೆನ್" ಅಂದರೆ ಗಂಡಸರು, "ಡಾಮೆನ್" ಅಂದರೆ ಹೆಂಗಸರು. ಇಂಗ್ಲಿಷ್ ಬಲ್ಲವರು "ಹೆರ್" ಅನ್ನು ನೋಡಿ ಹೆಂಗಸರದ್ದು ಅಂದುಕೊಳ್ಳುವ ಅಪಾಯ ಇದೆ. ಇಟಲಿಯಲ್ಲಿ "ಸಿಗ್ನೋರಿ" ಗಂಡಸರು, "ಸಿಗ್ನೋರೆ" ಹೆಂಗಸರು. ಕೊನೆಯ ಒಂದೇ ಅಕ್ಷರದ ವ್ಯತ್ಯಾಸ. ಟರ್ಕಿಯಲ್ಲಿ "ಬಾಯ್" ಗಂಡಸರು, "ಬಾಯಾನ್" ಹೆಂಗಸರು. ಎಲ್ಲಕ್ಕಿಂತ ತರಲೆ ಐರ್ಲೆಂಡಿನದು. ಅಲ್ಲಿನ ಐರಿಷ್ ಬೋರ್ಡಿನಲ್ಲಿ "ಎಂ"ನಿಂದ ಶುರುವಾಗುವ ಪದ ಹೆಂಗಸರದ್ದು, "ಎಫ್"ನಿಂದ ಶುರುವಾಗುವುದು ಗಂಡಸರದ್ದು. ಮೇಲ್, ಫಿಮೇಲ್ ಅಂದುಕೊಂಡು ನುಗ್ಗಿದರೆ ಕಥೆ ಮುಗಿಯಿತು. ಜಪಾನ್, ಚೀನಾದಲ್ಲಿ ಅಕ್ಷರದ ತಲೆ ಮೇಲೆ ನಾಲ್ಕು ಮನೆಯ ಕಿಟಕಿ ಇದ್ದರೆ ಅದು ಗಂಡಸರದ್ದು ಅಂತ ನೆನಪಿಟ್ಟುಕೊಳ್ಳಿ.

ಇನ್ನು ದುಡ್ಡು. ಜರ್ಮನಿಯ ಹೆದ್ದಾರಿಯಲ್ಲಿ ಬಹಳ ಕಡೆ 1 ಯೂರೋ ಹಾಕಿದರೆ ಗೇಟು ತೆರೆಯುತ್ತದೆ. ಅಷ್ಟೇ ಬೆಲೆಯ ಒಂದು ಚೀಟಿ ಬರುತ್ತದೆ. ಅದನ್ನು ಪಕ್ಕದ ಅಂಗಡಿಯಲ್ಲಿ ಬಳಸಬಹುದು, ಬಿಸಾಡಬೇಡಿ. ಕೆಲವು ಕಡೆ ಬಾಗಿಲಲ್ಲಿ ಒಬ್ಬರು ಕೂತಿರುತ್ತಾರೆ, ಪಕ್ಕದಲ್ಲಿ ಚಿಲ್ಲರೆಯ ತಟ್ಟೆ. ಹೊರಬರುವಾಗ 50 ಸೆಂಟ್ ಹಾಕುವುದು ವಾಡಿಕೆ. ದೇವಸ್ಥಾನದ ಆರತಿ ತಟ್ಟೆ ನೆನಪಿಸಿಕೊಳ್ಳಿ ಎಂದು ನಾನು ಹೇಳಿದ್ದಕ್ಕೆ ಅಮ್ಮ ಬೈದರು.

ಅಮೆರಿಕದಲ್ಲಿ ಹೆಚ್ಚೂಕಡಿಮೆ ಎಲ್ಲವೂ ಉಚಿತ. ದುಡ್ಡು ಹಾಕುವ ಟಾಯ್ಲೆಟ್ ವಿರುದ್ಧ 1970ರ ದಶಕದಲ್ಲಿ ಅಲ್ಲಿ ಚಳವಳಿಯೇ ನಡೆದು, 1973ರಲ್ಲಿ ಶಿಕಾಗೋ ಅದನ್ನು ನಿಷೇಧಿಸಿತು. ಪ್ಯಾರಿಸ್ಸಿನ ಬೀದಿಯ ಸ್ವಯಂಚಾಲಿತ ಟಾಯ್ಲೆಟ್‌ಗಳು 2006ರಿಂದ ಉಚಿತ. ಆದರೆ ಒಂದು ಎಚ್ಚರಿಕೆ. ಒಳಗಿದ್ದವರು ಹೊರಬಂದ ತಕ್ಷಣ, ಬಾಗಿಲು ಮುಚ್ಚುವ ಮುಂಚೆ ನುಗ್ಗಬೇಡಿ. ಪ್ರತಿಯೊಬ್ಬರ ನಂತರವೂ ಬಾಗಿಲು ಮುಚ್ಚಿಕೊಂಡು ಒಳಗೆಲ್ಲ ತಾನೇ ತೊಳೆದುಕೊಳ್ಳುತ್ತದೆ. ಆಗ ಒಳಗಿದ್ದರೆ ನಿಮಗೂ ಅಭ್ಯಂಜನ.

ಹಂತ 4: ಕೂರುವ ಮೊದಲು ಹತ್ತು ಸೆಕೆಂಡ್ ನೋಡಿ

ಈ ಹತ್ತು ಸೆಕೆಂಡಿನಲ್ಲಿ ಮುಕ್ಕಾಲು ತೊಂದರೆ ತಪ್ಪುತ್ತದೆ. ಪೇಪರ್ ಇದೆಯಾ? ಚೀನಾದಲ್ಲಿ ಎಷ್ಟೋ ಕಡೆ ಒಳಗೆ ಇರುವುದಿಲ್ಲ. ಹೊರಗೆ ಕೈತೊಳೆಯುವ ಜಾಗದಲ್ಲಿ ಎಲ್ಲರಿಗೂ ಸೇರಿ ಒಂದೇ ಸುರುಳಿ ಇರುತ್ತದೆ, ಮೊದಲೇ ಹರಿದುಕೊಂಡು ಹೋಗಬೇಕು. ಬೀಜಿಂಗ್‌ನ ಟೆಂಪಲ್ ಆಫ್ ಹೆವನ್ ಉದ್ಯಾನದಲ್ಲಿ ಜನ ಪೇಪರ್ ಕದಿಯುತ್ತಾರೆ ಅಂತ 2017ರಲ್ಲಿ ಮುಖ ಗುರುತಿಸುವ ಯಂತ್ರ ಇಟ್ಟರು. ಒಬ್ಬರಿಗೆ 60 ಸೆಂಟಿಮೀಟರ್. ಮತ್ತೆ ಬೇಕೆಂದರೆ ಒಂಬತ್ತು ನಿಮಿಷ ಕಾಯಬೇಕು! ಹೊಟ್ಟೆ ಕೆಟ್ಟವನ ಗತಿ ಏನು?

ಆಮೇಲೆ ನೋಡಬೇಕಾದ್ದು ಫ್ಲಶ್ ಎಲ್ಲಿದೆ ಎಂಬುದು. ಗೋಡೆಯ ಮೇಲೆ, ಟ್ಯಾಂಕಿನ ಮೇಲೆ, ಕಾಲಬಳಿ ಪೆಡಲ್, ಅಥವಾ ಕೈ ಆಡಿಸುವ ಸೆನ್ಸರ್. ಇದನ್ನು ಎದ್ದ ಮೇಲೆ ಹುಡುಕಿದರೆ ಗಾಬರಿಯಲ್ಲಿ ಏನಾದರೂ ಒತ್ತುತ್ತೀರಿ. ಲಂಡನ್ನಿನ ಒಂದು ಮ್ಯೂಸಿಯಮ್ಮಿನಲ್ಲಿ ಅಪ್ಪ ಅಂಗವಿಕಲರಿಗೆಂದಿರುವ ದೊಡ್ಡ ಟಾಯ್ಲೆಟ್ಟಿಗೆ ಹೋದರು. ಚಾವಣಿಯಿಂದ ನೆಲದ ತನಕ ಕೆಂಪು ದಾರ ಇಳಿಬಿದ್ದಿತ್ತು. ಹಳೇ ಕಾಲದ ಫ್ಲಶ್ ಸರಪಳಿ ಅಂದುಕೊಂಡು ಎಳೆದರು. ಅದು ತುರ್ತು ಕರೆಯ ದಾರ. ಗಂಟೆ ಹೊಡೆದುಕೊಂಡಿತು, ಇಬ್ಬರು ಸಿಬ್ಬಂದಿ ಓಡಿಬಂದರು. ಅಪ್ಪ ಪಂಚೆ ಉಟ್ಟಿರಲಿಲ್ಲ ಎಂಬುದೊಂದೇ ಸಮಾಧಾನ. ಬ್ರಿಟನ್ನಿನಲ್ಲಿ ಬಿಳಿ ದಾರ ಸಾಮಾನ್ಯವಾಗಿ ದೀಪದ ಸ್ವಿಚ್, ಕೆಂಪು ದಾರ ಸಹಾಯಕ್ಕೆ. ಫ್ಲಶ್ ಬೇರೆ.

ಅಮೆರಿಕದಲ್ಲಿ ಎರಡು ವಿಚಿತ್ರ ಕಾಣುತ್ತವೆ. ಕಮೋಡಿನಲ್ಲಿ ನೀರು ಮೇಲಿನ ತನಕ ನಿಂತಿರುತ್ತದೆ. ಕಟ್ಟಿಕೊಂಡಿದೆ ಅಂದುಕೊಳ್ಳಬೇಡಿ, ಅದರ ವಿನ್ಯಾಸವೇ ಹಾಗೆ. ಎರಡನೆಯದು ಬಾಗಿಲು. ಕೆಳಗೆ ಮೊಣಕಾಲೆತ್ತರ ಖಾಲಿ, ಪಕ್ಕದಲ್ಲೂ ಬೆರಳಗಲ ಸಂದು. ಹೊರಗಿನವರು ನೋಡುತ್ತಾರೇನೋ ಎಂಬ ಭಯ ಬೇಡ, ಅಲ್ಲಿನವರು ಕಣ್ಣು ತಪ್ಪಿಸುವುದನ್ನು ಚಿಕ್ಕಂದಿನಿಂದ ಕಲಿತಿರುತ್ತಾರೆ.

ಹಂತ 5: ಪೇಪರ್ ಎಲ್ಲಿಗೆ? ಕಮೋಡಿಗೋ ಬುಟ್ಟಿಗೋ?

ಕಮೋಡ್ ಪಕ್ಕದ ಬುಟ್ಟಿ ನೋಡಿ, ಗೋಡೆಯ ಚೀಟಿ ನೋಡಿ. ಗ್ರೀಸ್‌ನಲ್ಲಿ, ಟರ್ಕಿಯ ಬಹಳ ಕಡೆ, ಮೆಕ್ಸಿಕೋ, ಪೆರು, ಬ್ರೆಜಿಲ್‌ನಲ್ಲಿ ಪೇಪರನ್ನು ಬುಟ್ಟಿಗೇ ಹಾಕಬೇಕು. ಕಿರಿದಾದ ಅಥವಾ ಹಳೆಯ ಕೊಳವೆಗಳು, ಕಮೋಡಿಗೆ ಹಾಕಿದರೆ ಕಟ್ಟಿಕೊಳ್ಳುತ್ತವೆ. ನಮಗೆ ಹೇಸಿಗೆ ಅನ್ನಿಸಬಹುದು, ಆದರೆ ಅಲ್ಲಿ ಅದೇ ಮರ್ಯಾದೆ. ಮಡಚಿ, ಬಳಸಿದ ಭಾಗ ಒಳಗೆ ಬರುವಂತೆ ಹಾಕಿ.

ಜಪಾನ್, ಜರ್ಮನಿ, ಬ್ರಿಟನ್, ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧ. ಪೇಪರ್ ಕಮೋಡಿಗೇ ಹೋಗಬೇಕು. ಅಲ್ಲಿ ಪಕ್ಕದಲ್ಲಿರುವ ಸಣ್ಣ ಡಬ್ಬಿ ಸ್ಯಾನಿಟರಿ ಪ್ಯಾಡಿಗೆ ಮಾತ್ರ. ದಕ್ಷಿಣ ಕೊರಿಯಾದಲ್ಲಿ ಬುಟ್ಟಿಯ ಪದ್ಧತಿಯೇ ಇತ್ತು. 2018ರಲ್ಲಿ ಸರ್ಕಾರ ಸಾರ್ವಜನಿಕ ಶೌಚಾಲಯಗಳ ಕೋಣೆಯೊಳಗಿನ ಬುಟ್ಟಿ ತೆಗೆಸಿತು.

ಒದ್ದೆ ಟಿಶ್ಯೂ, ಅಂದರೆ ವೆಟ್ ವೈಪ್ಸ್, ಯಾವ ದೇಶದಲ್ಲೂ ಕಮೋಡಿಗೆ ಹಾಕಬೇಡಿ. ಪ್ಯಾಕೆಟ್ ಮೇಲೆ ಏನೇ ಬರೆದಿರಲಿ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನ ಚರಂಡಿಯಲ್ಲಿ ಕೊಬ್ಬು ಮತ್ತು ಇಂಥ ವೈಪ್ಸ್ ಸೇರಿ ಗಟ್ಟಿಯಾದ 250 ಮೀಟರ್ ಉದ್ದದ, 130 ಟನ್ ತೂಕದ ಗಡ್ಡೆ ಸಿಕ್ಕಿತ್ತು. ಅದರದೊಂದು ತುಂಡನ್ನು ಆಮೇಲೆ ಮ್ಯೂಸಿಯಮ್ಮಿನಲ್ಲೇ ಇಟ್ಟರು.

ಹಂತ 6: ಕೂರುವುದು

ಕಮೋಡಿನ ಮೇಲೆ ಕಾಲಿಟ್ಟು ಕುಕ್ಕರಗಾಲಿನಲ್ಲಿ ಕೂರಬೇಡಿ. ಸೀಟು ಮುರಿಯುತ್ತದೆ, ನೀವು ಜಾರುತ್ತೀರಿ, ಮುಂದೆ ಬರುವವರು ಬೂಟಿನ ಗುರುತು ಒರೆಸಬೇಕಾಗುತ್ತದೆ. ಸೀಟಿನ ಬಗ್ಗೆ ಅನುಮಾನ ಇದ್ದರೆ ಪೇಪರ್ ಹಾಸಿ ಕೂತುಕೊಳ್ಳಿ.

ಕೆಳಗೆ ಕೂರುವ ಟಾಯ್ಲೆಟ್ ನಮ್ಮ ಆಸ್ತಿ ಅಂದುಕೊಂಡಿದ್ದೆ. ಫ್ರಾನ್ಸ್, ಇಟಲಿಯ ಹೆದ್ದಾರಿಗಳಲ್ಲಿ, ಜಪಾನಿನ ಹಳೆಯ ರೈಲು ನಿಲ್ದಾಣಗಳಲ್ಲಿ ಈಗಲೂ ಸಿಗುತ್ತವೆ. ಹೆಸರುಗಳೇ ಒಂದು ತಮಾಷೆ. ನಾವು ಅದನ್ನು "ಇಂಡಿಯನ್" ಅನ್ನುತ್ತೇವೆ. ಫ್ರೆಂಚರು "ಟರ್ಕಿಯವರದ್ದು" ಅನ್ನುತ್ತಾರೆ. ಟರ್ಕಿಯವರು ಅದನ್ನು "ಅಲಾತುರ್ಕಾ" ಎಂದು ಒಪ್ಪಿಕೊಂಡು, ಮೇಲೆ ಕೂರುವುದನ್ನು "ಅಲಾಫ್ರಾಂಗಾ", ಅಂದರೆ ಯುರೋಪಿನವರ ರೀತಿ ಅನ್ನುತ್ತಾರೆ. ಜಪಾನೀಯರಿಗೆ ಅದು "ಜಪಾನಿ ಶೈಲಿ".

ಬಳಸುವಾಗ ಎರಡು ವ್ಯತ್ಯಾಸ ಗಮನಿಸಿ. ಜಪಾನಿನದಕ್ಕೆ ಒಂದು ತುದಿಯಲ್ಲಿ ಗುಮ್ಮಟದಂಥ ಮರೆ ಇರುತ್ತದೆ. ಅದರ ಕಡೆ ಮುಖ ಮಾಡಿ ಕೂರಬೇಕು, ಅಂದರೆ ಹೆಚ್ಚಾಗಿ ಬಾಗಿಲಿಗೆ ಬೆನ್ನು. ಫ್ರಾನ್ಸ್, ಇಟಲಿಯದ್ದರಲ್ಲಿ ಫ್ಲಶ್ ಒತ್ತುವ ಮುಂಚೆ ಕಾಲಿಡುವ ಜಾಗದಿಂದ ಹಿಂದೆ ಸರಿಯಿರಿ. ನೀರು ಆ ಜಾಗದ ಮೇಲೂ ಹರಿಯುತ್ತದೆ. ನಾನು ಇದನ್ನು ಹೊಸ ಬೂಟಿನಲ್ಲಿ ಕಲಿತೆ.

ಗಂಡಸರಿಗೊಂದು ಮಾತು. ಜರ್ಮನಿಯ ಮನೆಗಳಲ್ಲಿ ಒಂದಕ್ಕೂ ಕೂತೇ ಮಾಡಿ ಎಂಬ ನಿರೀಕ್ಷೆ ಇರುತ್ತದೆ. ಕೆಲವರು ಚಿತ್ರವನ್ನೇ ಅಂಟಿಸಿರುತ್ತಾರೆ. ಹಾಗೆ ಕೂರುವವನಿಗೆ "ಸಿಟ್ಸ್‌ಪಿಂಕ್ಲರ್" ಎಂಬ ಅಣಕದ ಹೆಸರೂ ಇದೆ. 2015ರಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ ಒಂದು ಕೇಸೇ ನಡೆಯಿತು. ಬಾಡಿಗೆದಾರ ನಿಂತು ಮಾಡಿ ಅಮೃತಶಿಲೆಯ ನೆಲ ಹಾಳಾಯಿತು, ಠೇವಣಿಯಲ್ಲಿ 1,900 ಯೂರೋ ಕೊಡುವುದಿಲ್ಲ ಎಂದು ಮನೆ ಮಾಲೀಕ ಹಟ ಹಿಡಿದ. ನಿಂತು ಮಾಡುವುದು ಇನ್ನೂ ರೂಢಿಯಲ್ಲಿದೆ ಎಂದು ನ್ಯಾಯಾಧೀಶರು ಬಾಡಿಗೆದಾರನ ಪರ ತೀರ್ಪು ಕೊಟ್ಟರು. ತೀರ್ಪು ಏನೇ ಇರಲಿ, ಯಾರದಾದರೂ ಮನೆಗೆ ಹೋದಾಗ ಕೂತುಬಿಡಿ.

ಹಂತ 7: ತೊಳೆಯುವುದು, ಒದ್ದೆ ಮಾಡದೆ

ಮುಖ್ಯ ವಿಷಯಕ್ಕೆ ಬಂದೆವು. ನೀರಿನ ವ್ಯವಸ್ಥೆ ಇಲ್ಲದ ಕಡೆ ಹೀಗೆ ಮಾಡಿ.

ಒಳಗೆ ಹೋಗುವ ಮುಂಚೆಯೇ ಹೊರಗಿನ ಸಿಂಕಿನಲ್ಲಿ ಬಾಟಲಿಗೆ ಉಗುರುಬೆಚ್ಚಗಿನ ನೀರು ತುಂಬಿಸಿ. ಡಿಸೆಂಬರಿನಲ್ಲಿ ತಣ್ಣೀರು ಬಳಸಿದರೆ ಯಾಕೆ ಈ ಮಾತು ಹೇಳಿದೆ ಅಂತ ಗೊತ್ತಾಗುತ್ತದೆ. ಕೆಲಸ ಮುಗಿದ ಮೇಲೆ ಮೊದಲು ಪೇಪರಿನಿಂದ ಒಂದೆರಡು ಸಲ ಒರೆಸಿ. ಇಲ್ಲಿ ನಮ್ಮವರು ಮುಖ ಸಿಂಡರಿಸುತ್ತಾರೆ, ಆದರೆ ಹೀಗೆ ಮಾಡಿದರೆ ನೀರು ಅರ್ಧಕ್ಕರ್ಧ ಕಡಿಮೆ ಸಾಕು. ಸೀಟಿನಲ್ಲಿ ಹಿಂದಕ್ಕೆ ಸರಿದು, ಸ್ವಲ್ಪ ಮುಂದಕ್ಕೆ ಬಾಗಿ ಕೂತುಕೊಳ್ಳಿ. ಬಾಟಲಿ ಬಲಗೈಯಲ್ಲಿ, ತೊಳೆಯುವುದು ಎಡಗೈಯಲ್ಲಿ, ಎಂದಿನ ಹಾಗೆ. ಬಾಟಲಿಯ ಮೂತಿ ಕಮೋಡಿನ ಅಂಚಿಗಿಂತ ಮೇಲೆ ಬರಬಾರದು. ಇದೊಂದನ್ನು ಪಾಲಿಸಿದರೆ ಹೊರಗೆ ಹನಿ ಬೀಳುವುದಿಲ್ಲ. ನಿಧಾನವಾಗಿ ಹಿಸುಕಿ. ಕಾಲು ಲೀಟರ್ ಧಾರಾಳ. ಹೆಂಗಸರು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಒರೆಸುವುದೂ ಹಾಗೆಯೇ. ಸೋಂಕು ತಪ್ಪಿಸಲು ಇದು ಮುಖ್ಯ.

ಆಮೇಲೆ ನಾವು ಯಾವಾಗಲೂ ಬಿಡುವ ಕೆಲಸ. ಏಳುವ ಮುಂಚೆ, ಕೂತಲ್ಲೇ, ಪೇಪರಿನಿಂದ ಒತ್ತಿ ಒಣಗಿಸಿಕೊಳ್ಳಿ. ಊರಲ್ಲಿ ನಾವು ತೊಳೆದು ಹಾಗೇ ಎದ್ದುಬಿಡುತ್ತೇವೆ. ಸೀಟಿನ ಮೇಲೆ, ನೆಲದ ಮೇಲೆ ನೀರು ಬೀಳುವುದು ಆಗಲೇ. ನಮ್ಮ ಬಚ್ಚಲಲ್ಲಿ ನೀರು ಹೋಗಲು ಜಾಲರಿ ಇದೆ, ನೆಲಕ್ಕೆ ಇಳಿಜಾರಿದೆ. ಯುರೋಪು, ಅಮೆರಿಕದ ಬಹುಪಾಲು ಮನೆಗಳಲ್ಲಿ ಸ್ನಾನದ ಜಾಗ ಬಿಟ್ಟರೆ ಬೇರೆಲ್ಲೂ ನೀರು ಹೋಗಲು ದಾರಿಯೇ ಇಲ್ಲ. ಚೆಲ್ಲಿದ ನೀರು ಹಲಗೆ ಸಂದಿಗೆ ಇಳಿದು ಕೆಳಗಿನ ಮನೆಯವರ ಚಾವಣಿಯಲ್ಲಿ ಕಲೆಯಾಗುತ್ತದೆ. "ನೀರು ತಾನೇ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಬಾಟಲಿಯೇ ಇಲ್ಲದೆ ಸಿಕ್ಕಿಬಿದ್ದರೆ? ಟಿಶ್ಯೂ ಒದ್ದೆ ಮಾಡಿಕೊಂಡು ಒಳಗೆ ಹೋಗಿ. ಟಾಯ್ಲೆಟ್ ಪೇಪರ್ ಬೇಡ, ಅದು ಒದ್ದೆಯಾದ ಕೂಡಲೇ ಕೈಯಲ್ಲೇ ಹಿಟ್ಟಾಗುತ್ತದೆ. ಕೈ ಒರೆಸುವ ದಪ್ಪ ಪೇಪರ್ ಒಳ್ಳೆಯದು, ಆದರೆ ಅದು ಕಮೋಡಿಗಲ್ಲ, ಬುಟ್ಟಿಗೆ.

ನೀರಿರುವ ದೇಶಗಳೂ ಬೇಕಾದಷ್ಟಿವೆ. ಗಲ್ಫ್‌ಗೆ ಹೋಗುವ ಮಂಗಳೂರು, ಭಟ್ಕಳದವರಿಗೆ ನಾನು ಹೇಳಿಕೊಡುವಂಥದ್ದೇನಿಲ್ಲ, ಅಲ್ಲಿ ಎಲ್ಲ ಕಡೆ "ಶತ್ತಾಫ್" ಎಂಬ ಕೈಪೈಪು ಇರುತ್ತದೆ. ಎಡಗೈ ನಿಯಮವೂ ನಮ್ಮದೇ. ಥಾಯ್ಲೆಂಡಿನಲ್ಲೂ ಜೆಟ್ ಸ್ಪ್ರೇ ಇದೆ, ಆದರೆ ಕೆಲವು ಕಡೆ ರಭಸ ಬೈಕ್ ತೊಳೆಯುವ ಪೈಪಿನಷ್ಟು. ಮೊದಲು ಕಮೋಡಿನೊಳಗೆ ಒತ್ತಿ ನೋಡಿ. ಇಂಡೊನೇಷ್ಯಾದಲ್ಲಿ ತೊಟ್ಟಿ ನೀರು, "ಗಾಯುಂಗ್" ಎಂಬ ಹಿಡಿಕೆಯ ಮಗ್. ಫಿಲಿಪೈನ್ಸ್‌ನಲ್ಲಿ ಅದೇ ಮಗ್ಗಿಗೆ "ತಾಬೊ" ಅನ್ನುತ್ತಾರೆ. ಅಮ್ಮ ಅಲ್ಲಿಗೆ ಹೋಗಿದ್ದರೆ ಚೊಂಬು ಹೊರಬೇಕಿರಲಿಲ್ಲ.

ಟರ್ಕಿಯಲ್ಲಿ ಕಮೋಡಿನ ಹಿಂಭಾಗದಲ್ಲೇ ಸಣ್ಣ ಕೊಳವೆ ಇರುತ್ತದೆ. ಅದರ ನಲ್ಲಿ ಪಕ್ಕದ ಗೋಡೆಯಲ್ಲಿ. ಕೂತ ಮೇಲೇ ತಿರುಗಿಸಿ, ಅದೂ ಮೆಲ್ಲಗೆ. ನಿಂತು ಪರೀಕ್ಷೆ ಮಾಡಿದರೆ ಧಾರೆ ನೇರ ಎದೆಗೆ. ಫಿನ್ಲೆಂಡಿನಲ್ಲಿ ಸಿಂಕಿನ ಪಕ್ಕ ಕೈಪೈಪು ನೇತಾಡುತ್ತದೆ, ಒತ್ತಿದರೆ ನೀರು ಬರುವುದಿಲ್ಲ. ಮೊದಲು ಸಿಂಕಿನ ನಲ್ಲಿ ತೆರೆಯಬೇಕು, ಆಮೇಲೆ ಒತ್ತಿದರೆ ಅದೇ ನೀರು ಇತ್ತ ತಿರುಗುತ್ತದೆ. ಬಿಸಿನೀರೂ ಸಿಗುತ್ತದೆ! ಯುರೋಪಿನ ಆ ಚಳಿಯಲ್ಲಿ ಇದಕ್ಕಿಂತ ಸುಖ ಕಂಡಿಲ್ಲ.

ಇಟಲಿಯಲ್ಲಿ ಕಮೋಡ್ ಪಕ್ಕ ಇನ್ನೊಂದು ಕುಳ್ಳ ತೊಟ್ಟಿ ಇರುತ್ತದೆ, ನಲ್ಲಿ ಸಮೇತ. ಅದು ಬಿಡೆ. ಪ್ರತಿ ಮನೆಯ ಒಂದು ಬಾತ್‌ರೂಮಿನಲ್ಲಾದರೂ ಅದು ಇರಲೇಬೇಕು ಎಂದು 1975ರಲ್ಲಿ ಸರ್ಕಾರಿ ಆದೇಶವೇ ಆಗಿದೆ. ಹೆಸರು ಫ್ರೆಂಚ್, ಅರ್ಥ ಕುಳ್ಳ ಕುದುರೆ. ಕುದುರೆ ಏರಿದ ಹಾಗೆ ಕಾಲು ಅಗಲಿಸಿ ಕೂರುವುದರಿಂದ ಆ ಹೆಸರು. ಕಮೋಡಿನಲ್ಲಿ ಮುಗಿಸಿ, ಪೇಪರಿನಿಂದ ಒರೆಸಿ, ಆಮೇಲೆ ಇದಕ್ಕೆ ಬನ್ನಿ. ನಲ್ಲಿಯ ಕಡೆ ಮುಖ ಮಾಡಿ ಕೂತು, ನೀರು ಹದ ಮಾಡಿಕೊಂಡು, ಸೋಪು ಹಾಕಿ ತೊಳೆಯಿರಿ. ಪಕ್ಕದ ಪುಟ್ಟ ಟವೆಲ್ ಇದಕ್ಕೇ ಇರುವುದು. ಅದರಲ್ಲಿ ಮುಖ ಒರೆಸಬೇಡಿ. ಬಿಡೆಯನ್ನು ಕಮೋಡಿನ ಹಾಗೆ ಬಳಸಿದವರ ಕಥೆಯೂ ಕೇಳಿದ್ದೇನೆ, ಹೇಳುವುದಿಲ್ಲ.

ಜಪಾನಿನದ್ದು ಬೇರೆಯೇ ಲೋಕ. ಟೋಟೊ ಕಂಪನಿ 1980ರಲ್ಲಿ "ವಾಶ್ಲೆಟ್" ತಂದಿತು. ಸೀಟು ಬೆಚ್ಚಗಿರುತ್ತದೆ, ಒಳಗಿನಿಂದ ಸಣ್ಣ ಕೊಳವೆ ಹೊರಬಂದು ತೊಳೆಯುತ್ತದೆ. ಬಟನ್‌ಗಳನ್ನು ನೋಡಿ ಹೆದರಬೇಡಿ. ಮೊದಲು ನಿಲ್ಲಿಸುವ ಬಟನ್ ಹುಡುಕಿ, ಅದರ ಮೇಲೆ ಚೌಕದ ಗುರುತು ಇರುತ್ತದೆ. ಹಿಂಭಾಗಕ್ಕೆ ಕಾರಂಜಿ ಚಿಮ್ಮುವ ಚಿತ್ರದ್ದು ನಮಗೆ ಬೇಕಾದ್ದು. ಹೆಂಗಸಿನ ಚಿತ್ರ ಇರುವುದು ಮುಂಭಾಗಕ್ಕೆ. ಶಬ್ದದ ಬಟನ್ ಒಂದಿರುತ್ತದೆ. ಸದ್ದು ಹೊರಗೆ ಕೇಳಬಾರದು ಅಂತ ಹೆಂಗಸರು ಸುಮ್ನೆ ಫ್ಲಶ್ ಮಾಡಿ ನೀರು ವ್ಯರ್ಥವಾಗುತ್ತಿತ್ತು. ಈಗ ಒತ್ತಿದರೆ ನೀರು ಹರಿಯುವ ಸದ್ದು ಮಾತ್ರ ಬರುತ್ತದೆ. ಫ್ಲಶ್‌ನಲ್ಲಿ ಎರಡು ಅಕ್ಷರ. ಕೈಕಾಲು ಅಗಲಿಸಿ ನಿಂತ ಮನುಷ್ಯನ ಹಾಗಿದ್ದರೆ "ದೊಡ್ಡದು", ನಡುವೆ ಒಂದು ಗೀಟು, ಅಕ್ಕಪಕ್ಕ ಎರಡು ಚುಕ್ಕೆ ಇದ್ದರೆ "ಚಿಕ್ಕದು". ನಮ್ಮಲ್ಲಿ ಎರಡಕ್ಕೆ, ಒಂದಕ್ಕೆ ಅನ್ನುವುದನ್ನು ಅವರು ದೊಡ್ಡದು, ಚಿಕ್ಕದು ಅನ್ನುತ್ತಾರೆ. ಕಾರಂಜಿ ಚಿಮ್ಮುತ್ತಿರುವಾಗ ಎದ್ದು ನಿಲ್ಲಬೇಡಿ. ಹೊಸದರಲ್ಲಿ ಸೀಟಿನ ಸೆನ್ಸರ್ ನೀರನ್ನು ನಿಲ್ಲಿಸುತ್ತದೆ, ಆದರೂ ಪರೀಕ್ಷೆ ಬೇಡ.

ಹಂತ 8: ಬಿಟ್ಟು ಬರುವಾಗ

ಫ್ಲಶ್ ಮಾಡಿದ ಮೇಲೆ ತಿರುಗಿ ನೋಡಿ. ಕಮೋಡ್ ಪಕ್ಕದ ಬ್ರಷ್ ಕೆಲಸದವರಿಗೆ ಅಂತ ಇಟ್ಟಿದ್ದಲ್ಲ. ಜರ್ಮನಿಯಲ್ಲಿ ಅದು ಬಳಸಿದವರ ಕೆಲಸ. ಅಲ್ಲಿನ ಹಳೆಯ ಕಮೋಡುಗಳಲ್ಲಿ ಒಳಗೆ ಒಂದು ಚಪ್ಪಟೆ ಕಟ್ಟೆ ಇರುತ್ತದೆ, ಎಲ್ಲವೂ ಅದರ ಮೇಲೆ ಪ್ರದರ್ಶನಕ್ಕಿಟ್ಟ ಹಾಗೆ ನಿಲ್ಲುತ್ತದೆ. ಬ್ರಷ್ ಹಾಕದೆ ಬಂದರೆ ಮನೆಯವರಿಗೆ ನಿಮ್ಮ ಹೆಸರು ಮರೆಯುವುದಿಲ್ಲ. ಸೀಟು ಒರೆಸಿ, ನೆಲ ನೋಡಿ, ಹನಿ ಇದ್ದರೆ ಅದನ್ನೂ ಒರೆಸಿ.

ಕೈ ತೊಳೆಯುವಲ್ಲೂ ಒಂದು ಬಲೆ ಇದೆ. ಇಟಲಿ, ಫ್ರಾನ್ಸ್‌ನಲ್ಲಿ ನಲ್ಲಿಯ ಮೇಲಿನ "ಸಿ" ಅಕ್ಷರ ತಣ್ಣೀರಲ್ಲ, ಬಿಸಿನೀರು. ಕಾಲ್ಡೊ, ಶೋ ಅಂದರೆ ಬಿಸಿ. ತಣ್ಣೀರಿಗೆ "ಎಫ್". ಬ್ರಿಟನ್ನಿನ ಹಳೇ ಮನೆಗಳಲ್ಲಿ ಬಿಸಿಗೊಂದು, ತಣ್ಣೀರಿಗೊಂದು ಬೇರೆ ಬೇರೆ ನಲ್ಲಿ. ಒಂದರಲ್ಲಿ ಕೈ ಸುಡುತ್ತದೆ, ಇನ್ನೊಂದರಲ್ಲಿ ಮರಗಟ್ಟುತ್ತದೆ. ಜಪಾನಿನಲ್ಲಿ ಎಷ್ಟೋ ಕಡೆ ಕೈ ಒರೆಸಲು ಏನೂ ಇರುವುದಿಲ್ಲ. ಅಲ್ಲಿ ಎಲ್ಲರ ಜೇಬಿನಲ್ಲೂ ಪುಟ್ಟ ಕರವಸ್ತ್ರ ಇರುತ್ತದೆ, ನಮ್ಮ ತಾತಂದಿರ ಹಾಗೆ.

ಜಪಾನಿನ ಮನೆಗಳಲ್ಲಿ ಟಾಯ್ಲೆಟ್ಟಿಗೇ ಬೇರೆ ಚಪ್ಪಲಿ ಇರುತ್ತದೆ. ಮನೆಯೊಳಗಿನ ಚಪ್ಪಲಿ ಹೊರಗೆ ಬಿಟ್ಟು ಅದನ್ನು ಮೆಟ್ಟಿ, ಬರುವಾಗ ಅಲ್ಲೇ ಬಿಟ್ಟು ಬರಬೇಕು. ಅದನ್ನು ಹಾಕಿಕೊಂಡು ನಡುಮನೆಗೆ ಬಂದರೆ, ನಮ್ಮಲ್ಲಿ ಚಪ್ಪಲಿ ಹಾಕಿಕೊಂಡು ದೇವರ ಮನೆಗೆ ಹೋದ ಹಾಗೆ. ಮಡಿ ಮೈಲಿಗೆ ಗೊತ್ತಿರುವ ನಮ್ಮವರಿಗೆ ಇದನ್ನು ವಿವರಿಸುವುದೇ ಬೇಕಾಗುವುದಿಲ್ಲ. ಅಮ್ಮನಿಗೆ ಹೇಳಿದಾಗ "ಬುದ್ಧಿವಂತರು" ಅಂದರು.

ಹಂತ 9: ಅಲ್ಲೇ ವಾಸ ಮಾಡುವವರಿಗೆ

ತಿಂಗಳುಗಟ್ಟಲೆ ಇರುವುದಾದರೆ ಬಾಟಲಿ ಬೇಜಾರಾಗುತ್ತದೆ. ಜೆಟ್ ಸ್ಪ್ರೇ ಹಾಕಿಸಿಕೊಳ್ಳಬಹುದು. ಬಾಡಿಗೆ ಮನೆಯಾದರೆ ಮಾಲೀಕರನ್ನು ಮೊದಲು ಕೇಳಿ. ಗೋಡೆಯ ಕವಾಟದಿಂದ ಟ್ಯಾಂಕಿಗೆ ಹೋಗುವ ಪೈಪಿನ ನಡುವೆ ಒಂದು ಟೀ, ಅಂದರೆ ಮೂರು ಬಾಯಿಯ ಪೈಪ್ ತುಂಡು, ಜೋಡಿಸಿ ಸ್ಪ್ರೇ ಕೊಡುತ್ತಾರೆ. ಟೀಗೇ ಬಂದ್ ಮಾಡುವ ಪುಟ್ಟ ವಾಲ್ವ್ ಇರುವುದನ್ನೇ ತೆಗೆದುಕೊಳ್ಳಿ, ಪ್ರತಿ ಸಲ ಬಳಸಿದ ಮೇಲೆ ಅದನ್ನು ತಿರುಗಿಸಿ ಬಂದ್ ಮಾಡಿ. ಬಂದ್ ಮಾಡದಿದ್ದರೆ ಪೈಪಿನಲ್ಲಿ ಒತ್ತಡ ಸದಾ ಇರುತ್ತದೆ. ಕೆಲಸಕ್ಕೆ ಹೋದಾಗ ಪೈಪ್ ಒಡೆದರೆ ಇಡೀ ಮನೆ ಕೆರೆ. ನೆಲಕ್ಕೆ ಜಾಲರಿ ಇಲ್ಲ ಎಂದು ಆಗಲೇ ಹೇಳಿದೆನಲ್ಲ.

ಇದನ್ನೆಲ್ಲ ತಿರುಗಿಸಿಯೂ ಯೋಚಿಸಿ. ನನ್ನ ಜರ್ಮನ್ ಸಹೋದ್ಯೋಗಿಯೊಬ್ಬಳು ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದಳು. ಅಮ್ಮ ಅಂಗಡಿಯಿಂದ ಪೇಪರ್ ಸುರುಳಿ ತರಿಸಿ ಇಟ್ಟರು. ನೆಲ ಒರೆಸಿ ಒಣಗಿಸಿದರು. ಮುಚ್ಚಳದ ಬುಟ್ಟಿ ಇಟ್ಟರು. ಪೇಪರನ್ನು ನೀರಿನ ಕೈಗೆ ಸಿಗದ ಹಾಗೆ ಎತ್ತರದಲ್ಲಿಟ್ಟರು, ಇಲ್ಲದಿದ್ದರೆ ಮೊದಲ ಸ್ನಾನಕ್ಕೇ ಮುದ್ದೆಯಾಗುತ್ತಿತ್ತು. ಜ್ಞಾಪಕದಲ್ಲಿಟ್ಟುಕೊಳ್ಳಿ, ನಿಮ್ಮ ಮನೆಗೂ ವಿದೇಶಿ ನೆಂಟರು ಬರಬಹುದು. ಜೆಟ್ ಸ್ಪ್ರೇ ಹೇಗೆ ಬಳಸುವುದು ಎಂದು ತೋರಿಸಿದ್ದೂ ಅಮ್ಮನೇ, ಕೈಸನ್ನೆಯಲ್ಲಿ. ನಾನು ಹೊರಗೆ ಹೋಗಿ ನಿಂತಿದ್ದೆ.

ವಾಪಸ್ ಹೋಗುವಾಗ ಅವಳು ಗಾಂಧಿ ಬಜಾರಿನಲ್ಲಿ ಒಂದು ಜೆಟ್ ಸ್ಪ್ರೇ ಕೊಂಡಳು. ಸ್ಟುಟ್‌ಗಾರ್ಟ್‌ಗೆ ಹೋಗಿ ಫೋನ್ ಮಾಡಿದಳು, ಪೈಪು ಕೂರುತ್ತಿಲ್ಲ ಅಂತ. ನಮ್ಮಲ್ಲಿನ ಪೈಪಿನ ತುದಿ ಅರ್ಧ ಇಂಚು, ಅವರ ಸಿಂಕಿನ ಕೆಳಗಿನ ಕವಾಟ ಮೂರು-ಎಂಟನೇ ಇಂಚು. ನಡುವೆ ಎರಡೂ ಅಳತೆ ಹೊಂದಿಸುವ ಒಂದು ಹಿತ್ತಾಳೆಯ ರೆಡ್ಯೂಸರ್ ಬೇಕು. ನೀವೂ ಊರಿನಿಂದ ಒಯ್ಯುವುದಾದರೆ ಹೊರಡುವ ಮುಂಚೆ ಅಲ್ಲಿನ ಅಳತೆ ಕೇಳಿಕೊಂಡು ಹೋಗಿ. ಎರಡು ವಾಷರ್ ಜಾಸ್ತಿಯೇ ಇರಲಿ.